ಅರಿಸಿನ ಹಚ್ಚಿದ ಮೊದಲ ಪ್ರತಿ

ಕುರುಗೋಡಿನ ಪ್ರೆಸ್ಸಿನ ಅಕ್ಕ ಫೋನು ಮಾಡಿದಾಗ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ನಿನ್ನ ಪುಸ್ತಕದ ಕೆಲಸ ಮುಗಿಯಿತು, ಕಟ್ಟು ಕಟ್ಟಿ ಇಟ್ಟಿದ್ದೇನೆ, ಬಂದು ಒಯ್ಯಿ ಎಂದಳು. ನನಗೆ ಖುಷಿಯಾಯಿತು. ಆ ಖುಷಿ ಅವಳ ಮುಂದಿನ ಮಾತಿನ ತನಕ ಮಾತ್ರ ಉಳಿಯಿತು.

"ಮೊದಲ್ನೇ ಪ್ರತಿ ಮಾತ್ರ ಇಲ್ಲಿಲ್ಲವ್ವ. ಅದನ್ನ ನಿನ್ನೀನ ಸಿರುಗುಪ್ಪಕ್ಕ ಕಳಿಸೀನಿ, ನಿಮ್ಮ ಅತ್ತಿ ಮಾವರ ಮನಿಗೆ."

ಡಬ್ಬಿಯ ಮುಚ್ಚಳ ಮತ್ತೆ ಹಾಕಿದೆ. ಯಾಕೆ ಕಳಿಸಿದೆ, ಯಾರು ಕಳಿಸೆಂದರು ಎಂದು ಕೇಳಿದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಎದುರು ಕೂತಿದ್ದ ಗಣಿತದ ಮೇಷ್ಟ್ರು ತಮ್ಮ ಡಬ್ಬಿ ಎತ್ತಿಕೊಂಡು ಕಿಟಕಿ ಕಡೆ ಸರಿದರು.

ನನ್ನ ಭಯ ಅರ್ಥವಾಗಬೇಕಾದರೆ ಆ ಪುಸ್ತಕ ಎಂಥದ್ದು ಎಂದು ಹೇಳಬೇಕು. ಅದರ ಮೇಲೆ ನನ್ನ ಹೆಸರಿಲ್ಲ. "ಒಬ್ಬ ಹೆಣ್ಣುಮಗಳು ಬರೆದದ್ದು" ಎಂದಷ್ಟೇ ಇದೆ. ಈ ಉಪಾಯ ನನ್ನ ಸ್ವಂತದ್ದೂ ಅಲ್ಲ. ಬಳ್ಳಾರಿಯ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ ಪುಸ್ತಕ ಬರೆದ ಹೆಂಗಸರ ಮೇಲೆ ದಪ್ಪನೆಯ ಪ್ರಬಂಧ ಬರೆದು ಡಾಕ್ಟರು ಅನ್ನಿಸಿಕೊಂಡವಳು. ಆ ಕಾಲದ ಎಷ್ಟೋ ಕಾದಂಬರಿಗಳ ಮೊದಲ ಪುಟದಲ್ಲಿ ಬರೆದವಳ ಹೆಸರಿರುವುದಿಲ್ಲ, ಒಬ್ಬ ಮಹಿಳೆಯಿಂದ ಎಂದಿರುತ್ತದೆ. ಒಳಗೆ ಒಂದು ಮುನ್ನುಡಿ. ನನಗೆ ಬರೆಯುವ ಆಸೆಯೇ ಇರಲಿಲ್ಲ, ಸ್ನೇಹಿತರು ಬಿಡಲಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎನ್ನುವ ದೈನ್ಯದ ಮುನ್ನುಡಿ. ಕೆಲವು ಪುಸ್ತಕಗಳಲ್ಲಿ ಮುಂಗಡ ಕೊಟ್ಟು ಕೊಂಡವರ ಹೆಸರೆಲ್ಲ ದೊಡ್ಡಕ್ಷರದಲ್ಲಿ ಪುಟಗಟ್ಟಲೆ ಇರುತ್ತಿತ್ತು, ನಮ್ಮ ಲಗ್ನಪತ್ರಿಕೆಯ ಕೊನೆಯಲ್ಲಿ ಬಂಧುಬಳಗದ ಹೆಸರು ಇರುವ ಹಾಗೆ. ಬರೆದವಳ ಹೆಸರು ಮಾತ್ರ ಎಲ್ಲೂ ಇಲ್ಲ. ಅಚ್ಚುಮನೆಯವರಿಗೆ ಕೈಬರಹದ ಗುರುತು ಸಿಕ್ಕೀತೆಂದು ಅಕ್ಷರವನ್ನೇ ಬದಲಿಸಿ ನಕಲು ತೆಗೆದವರೂ ಇದ್ದರು.

ವರ್ಷಗಟ್ಟಲೆ ಈ ಹೆಂಗಸರ ಅಂಜಿಕೆಯನ್ನು ನಾನು ಬೋರ್ಡಿನ ಮೇಲೆ ಅಂಶಗಳನ್ನಾಗಿ ಬರೆದು ಪಾಠ ಮಾಡಿದ್ದೇನೆ. ಪಾಪ, ಎಂಥ ಕಾಲ ಎಂದು ನಿಟ್ಟುಸಿರು ಬಿಟ್ಟಿದ್ದೇನೆ. ನನ್ನದೇ ಪುಸ್ತಕ ಬರೆದು ಮುಗಿಸಿ ಹೆಸರು ಹಾಕುವ ಹೊತ್ತು ಬಂದಾಗ ಅವರಷ್ಟೇ ಅಂಜಿದೆ. ಕಾಲವೇನೋ ಬದಲಾಗಿದೆ, ಅತ್ತೆಯ ಮನೆ ಇನ್ನೂ ಇದೆಯಲ್ಲ.

ಪುಸ್ತಕದಲ್ಲಿ ಇರುವುದು ಮನೆಮಂದಿಯ ಮಾತು, ಅಡುಗೆ, ಮುನಿಸು, ಹಿತ್ತಲಿನ ಬಾವಿ. ಕಡೆಯ ಅಧ್ಯಾಯ ಮಾತ್ರ ಬೇರೆ. ಅದು ಅತ್ತೆ ನನಗೊಬ್ಬಳಿಗೇ ಹೇಳಿದ್ದು. ಕೆಲವು ವರ್ಷಗಳ ಹಿಂದೆ ನನಗೆ ಆಪರೇಷನ್ ಆದಾಗ ಅವರು ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಗೆ ಬಂದು ನನ್ನ ಆರೈಕೆ ಮಾಡಿದ್ದರು. ಒಂದು ಮಧ್ಯಾಹ್ನ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, ಯಾವುದೋ ಸೊಪ್ಪಿನ ರೇಟು ಹೇಳುವ ದನಿಯಲ್ಲಿ, ತಾವು ಒಮ್ಮೆ ಮನೆ ಬಿಟ್ಟು ಹೋಗಿದ್ದನ್ನು ಹೇಳಿದರು. ಮಕ್ಕಳಿನ್ನೂ ಸಾಲಿಗೆ ಹೋಗುತ್ತಿದ್ದ ಕಾಲ. ಬಳ್ಳಾರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಮಾವನವರಿಗೆ ಹೇಳಿ, ಚೀಲದ ತಳದಲ್ಲಿ ಎರಡು ಸೀರೆ ಇಟ್ಟುಕೊಂಡು ಬಸ್ಸು ಹತ್ತಿದ್ದರಂತೆ. ಆಸ್ಪತ್ರೆಗೆ ಹೋಗಲಿಲ್ಲ. ಹಳೇ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹೊತ್ತು ಇಳಿಯುವ ತನಕ ಕೂತಿದ್ದು ಸಂಜೆಯ ಬಸ್ಸಿಗೆ ವಾಪಸ್ ಬಂದರು. ಯಾಕೆ ಹೋದಿರಿ ಎಂದು ನಾನು ಕೇಳಲಿಲ್ಲ, ಅದು ಆ ಮನೆಯಲ್ಲಿ ಬಾಳಿದವರಿಗೆ ಗೊತ್ತಾಗುವಂಥದ್ದೇ. ಯಾಕೆ ಬಂದಿರಿ ಎಂದು ಕೇಳಿದೆ. ಅವರು ಯಾರ ಮುಂದೂ ಆಡಬೇಡ ಎಂದಷ್ಟೇ ಹೇಳಿ ಜಡೆ ಬಿಗಿದರು.

ಯಾರ ಮುಂದೂ ಆಡಲಿಲ್ಲ, ಬರೆದೆ. ಬರೆಯದೆ ಇರಲು ಆಗಲಿಲ್ಲ. ಆ ಬೆಂಚಿನ ಮೇಲೆ ಕೂತ ಹೆಂಗಸು ನನ್ನನ್ನು ಬಿಡಲಿಲ್ಲ. ಊರಿನ ಹೆಸರು ತೆಗೆದೆ, ಅಕ್ಕಿಯ ಸೀಮೆ ಎಂದು ಬರೆದೆ, ಅತ್ತೆ ಎನ್ನದೆ ಒಬ್ಬ ಹೆಂಗಸು ಎಂದೆ. ಹೇಗೂ ಅತ್ತೆಗೆ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯ ಒಂದಿತ್ತು. ಅವರ ತವರು ಗಡಿಯಾಚೆ ಆಂಧ್ರದ ಆದವಾನಿ. ಮನೆಮಾತು ಕನ್ನಡವಾದರೂ ಕಲಿತದ್ದೆಲ್ಲ ತೆಲುಗು ಸಾಲಿಯಲ್ಲಿ. ಮಾವನವರು ಮಾತ್ರ ಕನ್ನಡ ಪೇಪರನ್ನು ಮೊದಲ ಪುಟದ ಜಾಹೀರಾತಿನಿಂದ ಕಡೆಯ ಪುಟದ ಟೆಂಡರಿನ ತನಕ ಬಿಡದೆ ಓದುವವರು. ಭತ್ತದ ವ್ಯಾಪಾರ ಮಾಡಿದ ಮನುಷ್ಯ, ಯಾವ ಮಾತನ್ನೂ ತೂಕ ಹಾಕದೆ ಬಿಟ್ಟವರಲ್ಲ. ಅವರ ಕಣ್ಣಿಗೆ ಈ ಪುಸ್ತಕ ಬೀಳಬಾರದೆಂದೇ ನಾನು ಬಳ್ಳಾರಿಯ ಪ್ರೆಸ್ಸುಗಳನ್ನೆಲ್ಲ ಬಿಟ್ಟು ಕುರುಗೋಡಿಗೆ ಹೋದದ್ದು.

ಕುರುಗೋಡು ನನ್ನ ತವರು. ಅಲ್ಲಿ ಗುಡ್ಡದ ಕಡೆ ಹೋಗುವ ಓಣಿಯಲ್ಲಿ ಅಕ್ಕನ ಪ್ರೆಸ್ಸಿದೆ. ಅವಳು ನನ್ನ ಒಡಹುಟ್ಟಿದವಳಲ್ಲ, ಊರವರೆಲ್ಲ ಅಕ್ಕ ಎನ್ನುವವಳು. ಗಂಡ ತೀರಿಕೊಂಡ ಮೇಲೆ ಮುಚ್ಚಿಬಿಡು ಎಂದವರ ಮಾತು ಕೇಳದೆ ಅವಳೇ ನಡೆಸುತ್ತಿದ್ದಾಳೆ. ಲಂಡನ್ನಿನಲ್ಲೂ ಆಗ ಹಾಗೇ ಇತ್ತು. ಮುದ್ರಕ ಸತ್ತರೆ ಅವನ ಹೆಂಡತಿ ಅಚ್ಚುಮನೆ ನಡೆಸುತ್ತಿದ್ದಳು. ಆ ವಿಧವೆಯರ ಮೇಲೆ ನನ್ನ ಪ್ರಬಂಧದಲ್ಲಿ ಒಂದು ಇಡೀ ಅಧ್ಯಾಯವಿದೆ. ನನ್ನ ಪುಸ್ತಕ ಇಂಥವಳ ಕೈಯಲ್ಲೇ ಅಚ್ಚಾಗಲಿ ಎನ್ನುವ ಜಂಬವೂ ನನಗಿತ್ತು. ಅಕ್ಕನಿಗೆ ಈ ಸಂಗತಿ ಹೇಳಿದಾಗ, ಅವರಿಗೆ ಕರೆಂಟು ಹೋಗುವ ಕಾಟ ಇರಲಿಲ್ಲವಲ್ಲ, ಪುಣ್ಯವಂತೆಯರು ಎಂದು ನಕ್ಕಿದ್ದಳು.

ಜಂಬದಲ್ಲಿ ನಾನು ಮರೆತದ್ದು ಒಂದೇ. ಅಕ್ಕನ ಪ್ರೆಸ್ಸಿನಲ್ಲಿ ಅಚ್ಚಾಗುವುದೆಲ್ಲ ಲಗ್ನಪತ್ರಿಕೆ. ಅಲ್ಲಿ ಯಾವ ಕೆಲಸ ಮುಗಿದರೂ ಮೊದಲ ಪ್ರತಿಯ ನಾಲ್ಕು ಮೂಲೆಗೆ ಅರಿಸಿನ ಹಚ್ಚಿ, ಕುಂಕುಮ ಇಟ್ಟು ದೇವರ ಮುಂದೆ ಇಡುತ್ತಾರೆ. ಆಮೇಲೆ ಅದು ಮನೆಯ ಹಿರಿಯರಿಗೆ ಹೋಗಬೇಕು. ನನ್ನ ಪುಸ್ತಕದ ಮೇಲೆ ಹೆಸರಿಲ್ಲದಿದ್ದರೂ ನಾನು ಯಾರೆಂದು ಅಕ್ಕನಿಗೆ ಗೊತ್ತು. ನಾನು ಊರ ಮಗಳು. ಊರ ಮಗಳು ಹಡೆದ ಮೊದಲ ಪುಸ್ತಕ, ಅದನ್ನು ಬರಿಗೈಯಲ್ಲಿ ಕಳಿಸಿದರೆ ತವರೂರಿನ ಮರ್ಯಾದೆ ಏನಾಗಬೇಕು? ಅದಕ್ಕೇ ಅವಳು ಖಣ, ತೆಂಗಿನಕಾಯಿ, ಎಲೆಅಡಿಕೆ ಜೊತೆಗಿಟ್ಟು, ಭತ್ತದ ಕೆಲಸಕ್ಕೆಂದು ಸಿರುಗುಪ್ಪಕ್ಕೆ ಹೊರಟಿದ್ದ ತನ್ನ ತಮ್ಮನ ಕೈಯಲ್ಲಿ ಕಳಿಸಿದ್ದಳು. ನಾನು ಗುಟ್ಟು ಎಂದು ಹೇಳಿರಲಿಲ್ಲವೇ ಎಂದರೆ, "ಗುಟ್ಟು ಊರಿಗವ್ವ. ಮನಿಯವ್ರಿಗೆಂಥ ಗುಟ್ಟು?" ಎಂದಳು. ಅವಳ ಮೇಲೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ. ನನ್ನ ತಾಯಿ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದಳು.

ಅವತ್ತು ಮಧ್ಯಾಹ್ನ ನನಗೆ ಪಾಠವಿತ್ತು. ವಿಷಯವೂ ಅದೇ, ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಲೈಬ್ರರಿಗಳು, ಅಲ್ಲಿಂದ ಕಾದಂಬರಿ ತರಿಸಿ ಧರ್ಮೋಪದೇಶದ ಪುಸ್ತಕದ ಅಡಿಯಲ್ಲಿ ಬಚ್ಚಿಟ್ಟು ಓದುತ್ತಿದ್ದ ಹುಡುಗಿಯರು. ಮೋಕ ಎಂಬ ಹಳ್ಳಿಯಿಂದ ಬರುವ, ಎಂದೂ ಮಾತಾಡದ ಹುಡುಗಿಯೊಬ್ಬಳು ಎದ್ದು ನಿಂತು, "ಹೆಸರು ಹಾಕದಿದ್ರ ಮನಿಯವ್ರಿಗೆ ಗೊತ್ತಾಗ್ತಿದ್ದಿಲ್ಲೇನ್ರಿ ಮೇಡಂ?" ಎಂದು ಕೇಳಿದಳು. ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ ಎಂದೆ. ಗಂಟೆ ಹೊಡೆಯುವ ಮೊದಲೇ ಕ್ಲಾಸು ಬಿಟ್ಟೆ.

ಕಾರಿಡಾರಿನಿಂದಲೇ ಸಿರುಗುಪ್ಪಕ್ಕೆ ಫೋನು ಹಚ್ಚಿದೆ. ಮಾವನವರೇ ಎತ್ತಿದರು. ಕುರುಗೋಡಿನವನೊಬ್ಬ ಕಾಗದ ಸುತ್ತಿದ್ದು ಏನೋ ಕೊಟ್ಟು ಬಾಗಿಲಿಂದಲೇ ಅವಸರದಲ್ಲಿ ಹೋದ, ಅರಿಸಿನ ಕುಂಕುಮ ಇದೆ, ಯಾರದೋ ಲಗ್ನಪತ್ರ ಇರಬೇಕು, ದೇವರ ಜಗುಲಿ ಮೇಲೆ ಇಟ್ಟಿದ್ದೇನೆ ಎಂದರು. ಬಿಚ್ಚಿ ನೋಡಿದಿರಾ ಎಂದು ಕೇಳುವ ಧೈರ್ಯವಾಗಲಿಲ್ಲ. ಯಾರ ಮದುವೆ ಎಂದು ಅವರೇ ಕೇಳಿದರು. ನಮ್ಮ ಓಣಿಯ ಕಡೆಯವರದ್ದು ಎಂದು ಏನೋ ಒದರಿದೆ. ಹಾಗಾದರೆ ಹೋಗಬೇಕಾಗುತ್ತದೆ ಎಂದರು.

ಕೂಡಲೇ ಹೊರಡೋಣವೆಂದರೆ ಪರೀಕ್ಷೆಯ ಕೆಲಸ ಕುತ್ತಿಗೆಗೆ ಬಿದ್ದಿತ್ತು, ರಜೆ ಸಿಗಲಿಲ್ಲ. ಭಾನುವಾರದ ತನಕ ನಾನು ಬದುಕಿದ ರೀತಿ ನನಗೇ ಗೊತ್ತು. ದಿನಾ ಏನಾದರೊಂದು ನೆವ ಮಾಡಿ ಫೋನು ಮಾಡುತ್ತಿದ್ದೆ. ಚಟ್ನಿಪುಡಿಗೆ ಏನು ಹಾಕುತ್ತೀರಿ ಎಂದು ಕೇಳುತ್ತಾ ಅತ್ತೆಯ ದನಿಯನ್ನು ತೂಗುತ್ತಿದ್ದೆ. ಅವರು ಒಂದು ಕ್ಷಣ ತಡೆದು ಮಾತಾಡಿದರೆ ಎಲ್ಲ ಮುಗಿಯಿತು ಅನ್ನಿಸುತ್ತಿತ್ತು. ಕೆಮ್ಮಿದರೂ ಅದರಲ್ಲಿ ಅರ್ಥ ಕಾಣುತ್ತಿತ್ತು. ನನ್ನ ಯಜಮಾನರಿಗೆ ಪುಸ್ತಕದ ವಿಷಯ ಗೊತ್ತಿತ್ತು, ಕಡೆಯ ಅಧ್ಯಾಯ ಗೊತ್ತಿರಲಿಲ್ಲ. ನಿನ್ನ ಪುಸ್ತಕ ನಮ್ಮಪ್ಪ ಓದಿದರೆ ಒಳ್ಳೆಯದೇ ಅಲ್ಲವೇ ಎಂದರು. ಅವರ ಅಮ್ಮ ಒಂದು ಹಗಲು ಅವರನ್ನು ಬಿಟ್ಟು ಹೋಗಿದ್ದಳೆಂದು ನಾನು ಹೇಗೆ ಹೇಳಲಿ?

ನನಗೆ ಅವಮಾನವಾಗುವ ಭಯ ಇರಲಿಲ್ಲ. ಸೊಸೆ ಪುಸ್ತಕ ಬರೆದಳೆಂದು ನಾಲ್ಕು ಮಾತು ಬಂದರೆ ನುಂಗಬಹುದಿತ್ತು. ಅತ್ತೆ ಇಡೀ ಸಂಸಾರವನ್ನು ಒಂದು ಸಣ್ಣ ಸುಳ್ಳಿನ ಮೇಲೆ ಕಾಪಾಡಿಕೊಂಡು ಬಂದಿದ್ದರು. ಅದನ್ನು ಈ ವಯಸ್ಸಿನಲ್ಲಿ ಅವರ ಗಂಡನ ಕೈಗೆ ನಾನು ಅಚ್ಚು ಹಾಕಿಸಿ ಕೊಟ್ಟಂತಾಗಿತ್ತು.

ಶನಿವಾರ ಒಂದು ಉಪಾಯ ಹೊಳೆಯಿತು. ನನ್ನ ಪುಸ್ತಕದಷ್ಟೇ ಅಳತೆಯ ಪೂಜೆಯ ಪುಸ್ತಕ ಒಂದನ್ನು ಸತ್ಯನಾರಾಯಣಪೇಟೆಯ ಅಂಗಡಿಯಲ್ಲಿ ಕೊಂಡೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಅದರ ನಾಲ್ಕು ಮೂಲೆಗೆ ಅರಿಸಿನ ಹಚ್ಚಿದೆ. ಅದನ್ನು ಅತ್ತೆಯ ಮನೆಯ ಜಗುಲಿಯ ಮೇಲಿಟ್ಟು ನನ್ನ ಪುಸ್ತಕ ಎತ್ತಿಕೊಂಡು ಬರುವುದು. ಹೆಸರು ಮರೆಸಿದ ಆ ಹೆಂಗಸರ ಅಷ್ಟೊಂದು ಉಪಾಯಗಳನ್ನು ಓದಿದ್ದರೂ ನನ್ನದಕ್ಕಿಂತ ಪೆದ್ದು ಉಪಾಯ ಯಾವುದನ್ನೂ ನಾನು ಕಂಡಿರಲಿಲ್ಲ. ಬೆರಳಿನ ಹಳದಿ ಎಷ್ಟು ತೊಳೆದರೂ ಹೋಗಲಿಲ್ಲ.

ಭಾನುವಾರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ಕಾಲುವೆ ನೀರಿನ ಗದ್ದೆ, ನಾಟಿ ಹಾಕುತ್ತಿದ್ದ ಹೆಂಗಸರು. ಅತ್ತೆಯೂ ಅವತ್ತು ಇದೇ ರಸ್ತೆಯಲ್ಲಿ, ಎದುರು ದಿಕ್ಕಿನಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು ಹೋಗಿರಬೇಕು ಅನ್ನಿಸಿತು. ಅವರು ಹಿಂದಿರುಗಿ ಬರಬಾರದೆಂದು ಹೊರಟಿದ್ದರು. ನಾನು ಸಂಜೆಯೊಳಗೆ ವಾಪಸ್ ಓಡುವ ಲೆಕ್ಕ ಹಾಕುತ್ತಿದ್ದೆ.

ಮಾವನವರು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಫೋನು ಮಾಡದೆ ಬಂದೆಯಲ್ಲ ಎಂದರು. ಲಗ್ನ ಯಾವತ್ತು ಎಂದರು. ಇನ್ನೂ ದೂರವಿದೆ ಎಂದೆ. ಅತ್ತೆ ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದ ಸದ್ದು ಕೇಳುತ್ತಿತ್ತು. ಕಾಲು ತೊಳೆದು, ದೇವರಿಗೆ ಕೈಮುಗಿಯುವ ನೆವದಲ್ಲಿ ನೇರ ದೇವರ ಕೋಣೆಗೆ ಹೋದೆ. ಪಡಸಾಲೆಗೂ ಅದಕ್ಕೂ ನಡುವೆ ಬಾಗಿಲಿಲ್ಲ, ಒಂದು ಪರದೆ ಅಷ್ಟೇ.

ಜಗುಲಿಯ ಮೇಲೆ ಪುಸ್ತಕ ಇತ್ತು. ಹೊದಿಸಿದ್ದ ಕಾಗದ ಇರಲಿಲ್ಲ. ಒಳಗಿನಿಂದ ಒಂದು ಊದಿನಕಡ್ಡಿ ಹೊರಗೆ ಇಣುಕುತ್ತಿತ್ತು. ತೆರೆದು ನೋಡಿದೆ. ಗುರುತಿನ ಕಡ್ಡಿ ಇದ್ದದ್ದು ಸರಿಯಾಗಿ ಕಡೆಯ ಅಧ್ಯಾಯ ಶುರುವಾಗುವ ಪುಟದಲ್ಲಿ. ಯಾರೋ ಅಲ್ಲಿಯ ತನಕ ಓದಿದ್ದಾರೆ, ಮುಂದಿನದನ್ನು ಇನ್ನೂ ಓದಿಲ್ಲ. ಚೀಲದೊಳಗೆ ಕೈ ಹಾಕಿ ಪೂಜೆಯ ಪುಸ್ತಕ ಹುಡುಕತೊಡಗಿದೆ.

"ಅದನ್ನ ಅಲ್ಲೇ ಇಡು. ಇನ್ನೊಂದು ಪಾಠ ಉಳದೈತಿ."

ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ನನ್ನ ಚೀಲವನ್ನೂ ಹಳದಿ ಬೆರಳನ್ನೂ ನೋಡಿದರು. ನಿಮಗೆ ಕನ್ನಡ ಬರುವುದಿಲ್ಲವಲ್ಲ ಎಂದು ನನ್ನ ಬಾಯಿಂದ ಜಾರಿತು. ಅಕ್ಷರ ಎಲ್ಲ ಅಕ್ಕತಂಗಿಯರೇ, ತಲೆಕಟ್ಟು ಮಾತ್ರ ಬೇರೆ, ನಿಧಾನಕ್ಕೆ ಕೂಡಿಸಿಕೊಂಡರೆ ಆಯಿತು ಎಂದರು. ಲಿಂಗಪೂಜೆಗೆ ಕೂತಾಗ ಅವರನ್ನು ಯಾರೂ ಮಾತಾಡಿಸುವಂತಿಲ್ಲ. ಆ ಹೊತ್ತಿನಲ್ಲೇ ದಿನಕ್ಕಿಷ್ಟು ಎಂದು ಓದಿದ್ದರು. ಅವರ ಪೂಜೆ ಉದ್ದವಾಯಿತೆಂದು ಮಾವನವರಿಗೆ ಸಂತೋಷವೇ ಆಗಿತ್ತಂತೆ. ನನ್ನ ಕ್ಲಾಸಿನ ಆ ಇಂಗ್ಲಿಷ್ ಹುಡುಗಿಯರು ನೆನಪಾದರು. ನಗು ಬರಬೇಕಿತ್ತು, ಬರಲಿಲ್ಲ.

ಬರೆದವಳು ಯಾರೋ ನಮ್ಮ ಸೀಮೆಯವಳೇ ಇರಬೇಕು, ನಮ್ಮ ಹಿತ್ತಲಿನ ಬಾವಿಯನ್ನು ಕಂಡಂತೆ ಬರೆದಿದ್ದಾಳೆ ಎಂದು ಅತ್ತೆ ಹೇಳಿದರು. ಮುಖದಲ್ಲಿ ಏನೂ ಇರಲಿಲ್ಲ. ನಾನು ನೆಲ ನೋಡಿದೆ. ಆಮೇಲೆ ಅವರು ಮಣೆ ಹಾಕಿಕೊಂಡು ಕೂತು, ಉಳಿದದ್ದನ್ನು ನೀನೇ ಓದು, ನನ್ನ ಕಣ್ಣು ನೋಯುತ್ತವೆ ಎಂದರು. ಹಿತ್ತಲಿಗೆ ಹೋಗೋಣ, ಅಲ್ಲಿ ಗಾಳಿಯಿದೆ ಎಂದೆ. ದೇವರ ಮುಂದಿನ ಪುಸ್ತಕ ಹೊರಗೆ ಒಯ್ಯಬಾರದು ಎಂದರು. ಪರದೆಯಾಚೆ ಪೇಪರು ಮಗುಚಿದ ಸದ್ದು ಕೇಳಿಸಿತು.

ಓದಲು ಶುರು ಮಾಡಿದೆ. ಅಕ್ಕಿಯ ಸೀಮೆಯ ಒಬ್ಬ ಹೆಂಗಸು ಬೆಳಿಗ್ಗೆ ಬುತ್ತಿ ಕಟ್ಟಿಟ್ಟು, ಮಕ್ಕಳಿಗೆ ತಲೆ ಬಾಚಿ, ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಹೊರಟಳು ಎಂಬ ಕಡೆ ನನ್ನ ದನಿ ಇಳಿಯಿತು. ಎರಡು ಸೀರೆಯ ಮಾತು ಬಂದಾಗ ತುಟಿ ಮಾತ್ರ ಆಡುತ್ತಿತ್ತು.

"ಜೋರಾಗಿ ಓದು" ಎಂದರು ಅತ್ತೆ.

ತಲೆ ಎತ್ತಿ ನೋಡಿದೆ. ಅವರು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು. ಪುಟ ತಿರುವಿದೆ. ಅಂಚಿನಲ್ಲಿ ವಿಭೂತಿಯ ಬೆರಳ ಗುರುತು ಇತ್ತು. ಮುಂದಿನ ಪುಟದಲ್ಲೂ ಇತ್ತು, ಅದರ ಮುಂದಿನದರಲ್ಲೂ. ಪೂಜೆಯ ಬೆರಳಲ್ಲಿ ಒಂದೊಂದೇ ಸಾಲಿನ ಮೇಲೆ ಕೈಯಿಟ್ಟು ಅವರು ಈ ಅಧ್ಯಾಯವನ್ನು ಆಗಲೇ ಓದಿ ಮುಗಿಸಿದ್ದರು. ಕಡ್ಡಿಯನ್ನು ಹಿಂದಕ್ಕೆ ತಂದು ಇಲ್ಲಿ ಇಟ್ಟಿದ್ದರು. ಓದಬೇಕಾಗಿದ್ದದ್ದು ಅವರಿಗಾಗಿ ಅಲ್ಲ ಎಂದು ನನಗೆ ಆಗ ತಿಳಿಯಿತು. ಭಯ ಕಡಿಮೆಯಾಗಲಿಲ್ಲ, ಇನ್ನೂ ಜಾಸ್ತಿಯಾಯಿತು. ಆದರೂ ಗಟ್ಟಿಯಾಗಿ ಓದಿದೆ. ಹಳೇ ಬಸ್ ಸ್ಟ್ಯಾಂಡು, ಕಲ್ಲುಬೆಂಚು, ಒಂದೊಂದೇ ಊರಿನ ಹೆಸರು ಕೂಗುವ ಕಂಡಕ್ಟರುಗಳು, ಆ ಎಲ್ಲ ಊರುಗಳಿಗೂ ಹೋಗಬಹುದಾಗಿದ್ದ ಹೆಂಗಸು. ಸಂಜೆ ಮನೆಗೆ ಬಂದಾಗ ಗಂಡ, ಡಾಕ್ಟರು ಏನಂದರು ಎಂದು ಕೇಳಿದ್ದು, ಕಣ್ಣು ಚೆನ್ನಾಗಿವೆಯಂತೆ ಎಂದು ಆಕೆ ಹೇಳಿದ್ದು. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.

ಪೇಪರಿನ ಸದ್ದು ಯಾವಾಗಲೋ ನಿಂತಿತ್ತು. ಕುರ್ಚಿ ಸರಿಯಿತು. ಮಾವನವರು ಪರದೆ ಒಂದು ಕಡೆ ಮಾಡಿ ಅಲ್ಲೇ ನಿಂತರು. ಕನ್ನಡಕ ಕೈಯಲ್ಲಿತ್ತು.

"ಆ ಹೆಣ್ಮಗಳು ವಾಪಸ್ ಯಾಕ ಬಂದ್ಳಂತ?" ಎಂದು ನನ್ನನ್ನು ಕೇಳಿದರು.

ಉತ್ತರ ಅತ್ತೆ ಕೊಟ್ಟರು.

"ಅದರಾಗ ಬರದಿಲ್ರಿ."

"ಬರದಾಕಿಗೆ ಗೊತ್ತಿರಬೇಕಲ್ಲ."

"ಬರದಾಕಿಗೂ ಗೊತ್ತಿಲ್ಲ. ಹೋಗಿ ಬಂದಾಕಿಗೆ ಅಷ್ಟ ಗೊತ್ತು."

ಮಾವನವರು ಅತ್ತೆಯ ಕಡೆ ತಿರುಗಿದರು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ಅತ್ತೆಯ ಹತ್ತಿರ ನೀರು ಕೇಳಿದ್ದನ್ನು, ಬೀಗದ ಕೈ ಕೇಳಿದ್ದನ್ನು, ಸಾರಿಗೆ ಉಪ್ಪು ಕಡಿಮೆ ಎಂದದ್ದನ್ನು ಕಂಡಿದ್ದೇನೆ. ಹೀಗೆ ಸುಮ್ಮನೆ ನಿಂತು ಅವರ ಮುಖ ನೋಡಿದ್ದನ್ನು ಕಂಡಿರಲಿಲ್ಲ.

"ಹಂಗಾದ್ರ ಆಕಿನ್ನ ಕೇಳಬೇಕು" ಎಂದರು.

"ಕೇಳ್ರಿ" ಎಂದರು ಅತ್ತೆ.

ನಾನು ಪುಸ್ತಕವನ್ನು ಜಗುಲಿಯ ಮೇಲಿಟ್ಟು, ಚೀಲ ಎತ್ತಿಕೊಂಡು ಹಿತ್ತಲಿಗೆ ಹೋದೆ. ಬಾವಿಕಟ್ಟೆಯ ಮೇಲೆ ಕೂತೆ. ಒಳಗೆ ಅತ್ತೆಯ ದನಿ ಬಹಳ ಹೊತ್ತು ಕೇಳುತ್ತಿತ್ತು. ಮಾತು ತಿಳಿಯದಷ್ಟು ದೂರದಲ್ಲಿ ನಾನು ಕೂತಿದ್ದೆ, ಹತ್ತಿರ ಹೋಗಲಿಲ್ಲ.